ತಳ ಇಲ್ಲ ಎಂದು ಕೂಗುವ ಲೊಂಬೇಶ್ವರ್

ಬೆಳಕು ಹರಿಯುವ ಹೊತ್ತಿಗೆ ಲೊಂಬೇಶ್ವರ್ ತಾಯಿದ್ ಸುಬನ್‌ಸಿರಿ ನದಿಯ ದಡಕ್ಕೆ ಪುಟ್ಟ ದೋಣಿ ಒತ್ತಿ ನಿಲ್ಲಿಸಿ, ಬಿದಿರಿನ ಗಳ ಇಳಿಸುತ್ತಾನೆ. ಮೇಲೆ ರೇಣುಮಾಯಿಯ ಚಹದಂಗಡಿ, ಕೋಳಿಬುಟ್ಟಿ ಇಟ್ಟುಕೊಂಡು ದೊಡ್ಡ ದೋಣಿಗೆ ಕಾದ ಹೆಂಗಸರು, ಅವರ ನಡುವೆ ನಾನು. ಗಳ ಇಳಿಯುತ್ತಲೇ ಹೋಗುತ್ತದೆ. ಅವನ ಮೊಣಕೈಯೂ ನೀರಿಗಿಳಿದರೂ ತಳ ತಾಗುವುದಿಲ್ಲ.

"ತಳ ಇಲ್ಲ! ಏಳ್ರೇ, ಹಿಂದಕ್ಕೋಗ್ರೇ!"

"ನಿನ್ನ ಬಾಯಿಗೆ ಮಣ್ಣು ಹಾಕ! ಬೆಳಬೆಳಗ್ಗೆ ಶುರು ಹಚ್ಕೊಂಡ," ಎನ್ನುತ್ತಾಳೆ ರೇಣುಮಾಯಿ.

ನಮ್ಮ ಮಿಸಿಂಗ್ ಬುಡಕಟ್ಟಿನ ಜನ ನೀರಿನ ಮೇಲೆ 'ತಳ ಇಲ್ಲ' ಎಂಬ ಮಾತು ಆಡುವುದಿಲ್ಲ. ದಡದ ಬುಡದಲ್ಲಿ ತಳ ಸಿಗದಿದ್ದರೆ ನದಿ ಮಣ್ಣನ್ನು ಒಳಗಿನಿಂದ ತಿಂದಿದೆ ಎಂದರ್ಥ. ಆಗ ನದಿಯ ಬಗ್ಗೆ 'ಅಮ್ಮ ಮಲಗಿದ್ದಾಳೆ' ಎನ್ನಬೇಕು, ಸದ್ದಿಲ್ಲದೆ ಜಾಗ ಬಿಡಬೇಕು. ದಿನವೂ ದಡ ತಡವಿ, ದೋಣಿ ಕಟ್ಟುವ ಜಾಗಕ್ಕೆ ಗುರುತಿನ ಗಳ ನೆಡುವ ಲೊಂಬೇಶ್ವರನೂ ಮೊದಲು ಹಾಗೇ ಹೇಳುತ್ತಿದ್ದ. ಕೆಲವು ವರ್ಷಗಳ ಹಿಂದೆ ಪಟ್ಟಣದ ಕಡೆಯಿಂದ ಬಂದ ಹೊಸ ಅಂಬಿಗ ಅದನ್ನು ಕೇಳಿ, ನದಿ ಶಾಂತವಾಗಿದೆ ಎಂದುಕೊಂಡು ಅಲ್ಲೇ ದೋಣಿ ಕಟ್ಟಿದ. ಮೊದಲು ಇಳಿದವಳು ಲೊಂಬೇಶ್ವರನ ಹೆಂಡತಿ ಜುನಾಲಿ. ಅವಳು ಕಾಲಿಟ್ಟ ದಡವೇ ಕುಸಿಯಿತು. ಅವಳು ಸಿಗಲೇ ಇಲ್ಲ.

"ಆ ಹುಡುಗಂದೇನು ತಪ್ಪು? ಅಮ್ಮ ಮಲಗಿದಾಳೆ ಅಂದ್ರೆ ಯಾರಿಗಾದ್ರೂ ಹಂಗೇ ಅನ್ಸುತ್ತೆ. ಹೇಳಿದ್ದು ನಾನೇ ಅಲ್ವಾ," ಎನ್ನುತ್ತಾನೆ ಲೊಂಬೇಶ್ವರ್, ಆ ಮಾತು ಬಂದಾಗಲೆಲ್ಲ. ಅಂದಿನಿಂದ ನೇರವಾಗಿ ಕೂಗುತ್ತಾನೆ. ಎಷ್ಟೋ ಸಲ ದಡ ಬೀಳುವುದಿಲ್ಲ. ಆಗ ಊರು ಅವನನ್ನು ಅಪಶಕುನ ಎಂದು ಆಡಿಕೊಳ್ಳುತ್ತದೆ. ಮದುವೆಮನೆಗೂ ಕರೆಯುವುದಿಲ್ಲ. ನಾಚಿಕೆಗೇಡು, ಅವನ ಗುರುತು ನಂಬಿಯೇ ನಾವೆಲ್ಲ ನದಿ ದಾಟುವುದು.

ಹೆಂಗಸರು ಗೊಣಗುತ್ತ ಹಿಂದೆ ಸರಿಯುತ್ತಾರೆ. ರೇಣುಮಾಯಿ ಮಾತ್ರ ಕೆಟಲ್ ತರಲು ಅಂಗಡಿಯೊಳಗೆ ನುಗ್ಗುತ್ತಾಳೆ. ಒಲೆಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ನೋಡನೋಡುತ್ತ ಅದು ಅಗಲವಾಗುತ್ತದೆ. ಲೊಂಬೇಶ್ವರ್ ದೋಣಿ ಬಿಟ್ಟು ಮೇಲೆ ಹಾರಿ, ಅವಳ ಜಡೆ ಹಿಡಿದೇ ಆಚೆ ಎಳೆಯುತ್ತಾನೆ.

ದೊಡ್ಡ ಸದ್ದೇನೂ ಇಲ್ಲ. ಅಂಗಡಿ, ಬೆಂಚು, ಉರಿಯುತ್ತಿದ್ದ ಒಲೆ ಒಟ್ಟಿಗೇ ನೀರಿಗಿಳಿಯುತ್ತವೆ. ಕಟ್ಟದೇ ಬಿಟ್ಟ ಅವನ ದೋಣಿ ಸೆಳವಿನಲ್ಲಿ ಮಗುಚಿ ಹೋಗುತ್ತದೆ.

"ನೀನು ಅಂದಿದ್ದಕ್ಕೇ ಬಿತ್ತು! ಹಾಳಾಗ್ಹೋಗು! ನನ್ನ ಜಡೆ ಕಿತ್ತು ಬಂತಲ್ಲೋ!" ರೇಣುಮಾಯಿ ಅವನ ಎದೆಗೆ ಗುದ್ದುತ್ತಾಳೆ.

ನಾನು ಅವಳನ್ನು ಸುಮ್ಮನಿರಿಸಲು ಹೋದರೆ ಲೊಂಬೇಶ್ವರ್ ತಡೆಯುತ್ತಾನೆ.

"ಬೈಲಿ ಬಿಡು," ಎನ್ನುತ್ತಾನೆ. "ಬೈಯೋಕೆ ಇದಾಳಲ್ಲ."