ಹನ್ನೆರಡನೇ ಕವರು

ಟೈಲರ್ ಅಂಗಡಿಯ ಪ್ಯಾಂಟ್ ಮಾಸ್ಟರು ಹನ್ನೊಂದು ತಿಂಗಳಿಂದ ಒಂದು ಹನಿ ಮುಟ್ಟಿರಲಿಲ್ಲ. ಅದನ್ನು ನಂಬುವವರು ಇಬ್ಬರೇ: ಸ್ವತಃ ಮಾಸ್ಟರು, ಮತ್ತು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕುಡಿತದ ಬಗ್ಗೆ ಸಂಶೋಧನೆ ಮಾಡುವ ಹುಡುಗಿ. ಹೆಂಡತಿ ಎಂದೋ ತಂಗಿಯ ಮನೆ ಸೇರಿದ್ದಳು. ಮಗಳು ಅಪ್ಪನ ನಂಬರ್ ಕಂಡರೆ ಫೋನ್ ಎತ್ತುತ್ತಿರಲಿಲ್ಲ. ಅವಳನ್ನು ದೂರುವಂತೆಯೂ ಇಲ್ಲ. ಅವಳ ಮದುವೆಗೆಂದು ತಂದ ಬಟ್ಟೆಯನ್ನು ಹೊಲಿಯುವ ಬದಲು ಮಾರಿ ಕುಡಿದ ಮಹಾಶಯರು ಇವರೇ.

ತಿಂಗಳ ಮೊದಲ ಸೋಮವಾರ ಹತ್ತು ಗಂಟೆಗೆ ಇಸ್ತ್ರಿ ಅಂಗಿ ತೊಟ್ಟು ಆ ಹುಡುಗಿಯ ಬಳಿಗೆ ಹೋಗುತ್ತಿದ್ದರು. ಪುಟ್ಟ ಕೊಳವೆಯೊಂದಕ್ಕೆ ಊದಬೇಕು, ನಲವತ್ತು ಪ್ರಶ್ನೆಗೆ ಉತ್ತರ ಹೇಳಬೇಕು, ಕೊನೆಗೆ ಕೈಗೊಂದು ದುಡ್ಡಿನ ಕವರು. ಮೊದಲ ಸಲ ಮಾಸ್ಟರು ತಬ್ಬಿಬ್ಬಾಗಿದ್ದರು.

"ಕುಡ್ಕೊಂಡು ಬಂದ್ರೂ ಕೊಡ್ತೀರಾ?"

"ಕೊಡ್ತೀವಿ ಮಾಸ್ಟ್ರೇ. ಇದು ನಿಮ್ಮ ಸಮಯಕ್ಕೆ. ಕುಡಿದಿದ್ದಕ್ಕೂ ಅಲ್ಲ, ಬಿಟ್ಟಿದ್ದಕ್ಕೂ ಅಲ್ಲ."

ಅಂಗಡಿಯಲ್ಲಿ ಪಕ್ಕದ ಮಿಷಿನ್ನಿನವನು, "ಕುಡುಕರಿಗೂ ಸಂಬಳ ಬಂತಲ್ಲಪ್ಪ!" ಎಂದು ಕಾಲೆಳೆದ. ಎಳೆಯಲಿ. ಇವರ ಸಮಯಕ್ಕೂ ಬೆಲೆಯಿದೆ ಎಂದು ಅದುವರೆಗೆ ಯಾರು ಹೇಳಿದ್ದರು? ಕವರುಗಳನ್ನು ಅವರು ಒಡೆಯಲೇ ಇಲ್ಲ, ದಾರದ ಡಬ್ಬಿಯಲ್ಲಿ ಜೋಪಾನವಾಗಿಟ್ಟರು.

ಈ ಸೋಮವಾರದ್ದು ಹನ್ನೆರಡನೆಯ ಭೇಟಿ, ಕೊನೆಯದು. ಮತ್ತೆ ಕುಡಿತಕ್ಕೆ ಬಿದ್ದವರನ್ನು ಮಾತ್ರ ಇನ್ನೂ ಆರು ತಿಂಗಳು ಕರೆಯುತ್ತಾರೆಂದು ಹೋದ ಸಲ ಹುಡುಗಿಯೇ ಹೇಳಿದ್ದಳು. ಅಂದಿನಿಂದ ಮಾಸ್ಟರ ತಲೆಯಲ್ಲಿ ಹುಳ ಕೊರೆಯುತ್ತಿತ್ತು.

"ಹೋದ ಮೂವತ್ತು ದಿನದಲ್ಲಿ ಎಷ್ಟು ದಿನ ಕುಡಿದ್ರಿ?"

"ನಾಲ್ಕು ದಿನ" ಅಂದುಬಿಟ್ಟರು.

ಪೆನ್ನು ನಿಂತಿತು. ಹುಡುಗಿಯ ಮುಖ ಬಾಡಿತು. "ಏನಾಯ್ತು ಮಾಸ್ಟ್ರೇ? ಇಷ್ಟು ದಿನ ಗಟ್ಟಿಯಾಗಿದ್ರಲ್ಲ."

ಮನೆಯಲ್ಲೂ ಎಷ್ಟೋ ಸಲ ಮುಖಗಳು ಹೀಗೇ ಬಾಡಿರಬೇಕು. ಆಗ ನೋಡುವ ಸ್ಥಿತಿಯಲ್ಲಿ ಇವರಿರಲಿಲ್ಲ. ಈಗ ನೋಡಿದರು, ನೋಡಿ ತಡೆಯಲಾಗಲಿಲ್ಲ.

"ಹೊಡೆದು ಹಾಕಮ್ಮ ಅದನ್ನ. ಸುಳ್ಳು ಹೇಳ್ದೆ. ಸೊನ್ನೆ ಬರಿ."

ಉಳಿದ ಪ್ರಶ್ನೆಗಳು ಮುಗಿದವು. ಅವಳು ಕೊಟ್ಟ ಕವರನ್ನು ಮಾಸ್ಟರು ಮೇಜಿನ ಮೇಲೇ ಇಟ್ಟರು. ಚೀಲದಿಂದ ಹಳೆಯ ಹನ್ನೊಂದನ್ನೂ ತೆಗೆದು ಅದರ ಪಕ್ಕದಲ್ಲಿಟ್ಟು, ಅವಳ ಕಡೆ ಸರಿಸಿದರು.

"ಇದು ನಿನ್ನ ಸಮಯಕ್ಕೆ. ಮುಂದಿನ ತಿಂಗಳೂ ಕೇಳ್ತೀಯಾ?"

ಹುಡುಗಿ ಕವರುಗಳನ್ನು ಒಟ್ಟುಮಾಡಿದಳು. "ಹಾಗೆ ಮಾಡೋಕೆ ಬರಲ್ಲ ಮಾಸ್ಟ್ರೇ" ಎಂದು ಹನ್ನೆರಡನ್ನೂ ಅವರ ಚೀಲಕ್ಕೇ ಹಾಕಿ, ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟಳು.

ಮುಂದಿನ ತಿಂಗಳ ಮೊದಲ ಸೋಮವಾರ ಮಾಸ್ಟರು ಇಸ್ತ್ರಿ ಅಂಗಿ ತೊಟ್ಟೇ ಅಂಗಡಿಗೆ ಬಂದರು. ಹತ್ತು ಗಂಟೆಗೆ ಮಿಷಿನ್ ನಿಲ್ಲಿಸಿ, "ಸೊನ್ನೆ" ಅಂದರು.

"ಏನಂದ್ರಿ?" ಪಕ್ಕದವನು ತಲೆಯೆತ್ತಿದ.

"ಏನಿಲ್ಲಪ್ಪ" ಎಂದು ಮಾಸ್ಟರು ಪ್ಯಾಂಟಿನ ಅಂಚು ಮಡಿಚಿದರು.