ಹದಿನೇಳನೆಯ ಎಳೆಯ ಬೆಳಕು

ಯಾರಾದರೂ ದೆವ್ವ, ಶಕುನ ಎಂದು ಶುರುಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಫೈಬರ್ ಕೇಬಲ್ ಕೆಲಸದವಳು. ಮೀಟರ್ ತೋರಿಸಿದ್ದನ್ನಷ್ಟೇ ನಂಬುತ್ತಿದ್ದೆ. ಈಗಲೂ ನಂಬುತ್ತೇನೆ. ಕಷ್ಟ ಇರುವುದೇ ಅಲ್ಲಿ.

ಕಡೂರಿನಿಂದ ತರೀಕೆರೆಗೆ ಇದ್ದದ್ದು ಒಂದೇ ಲೈನು, ಅದೂ ತುಂಬಿಹೋಗಿತ್ತು. ಎಲ್ಲಾದರೂ ಜೆಸಿಬಿ ತಾಗಿದರೆ ಆಸ್ಪತ್ರೆ, ಬ್ಯಾಂಕು, ಫೋನು ಎಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಅದಕ್ಕೇ ಚೌಳಹಿರಿಯೂರು, ಅಜ್ಜಂಪುರದ ಮೇಲೆ ಎರಡನೇ ಲೈನು ಎಳೆದಿದ್ದೆವು. ಪರೀಕ್ಷೆಗಳೆಲ್ಲ ಮುಗಿದಿದ್ದವು. ಅಂದು ಸಂಜೆ ಎಲ್ಲವನ್ನೂ ಹೊಸದಕ್ಕೆ ಹಾಯಿಸಿ, ಹಳೆಯದನ್ನು ದುರಸ್ತಿಗೆ ಬಿಚ್ಚುವುದಿತ್ತು.

ಮಧ್ಯಾಹ್ನ ಅಜ್ಜಂಪುರದಲ್ಲಿ ಕೇಬಲ್ ಬಂದು ಸೇರುವ ಕೋಣೆಯಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಕಡೂರಿನ ಕಡೆಯಿಂದ ಬರುವ ಗಾಜಿನ ಎಳೆಗಳಲ್ಲಿ ಬಳಕೆಗೆ ಕೊಡದೆ ಬಿಟ್ಟಿದ್ದ ಹದಿನೇಳನೆಯದಕ್ಕೆ ಬೆಳಕು ಅಳೆಯುವ ಮೀಟರ್ ಹಚ್ಚಿದೆ. ಬೆಳಕು ಬರುತ್ತಿತ್ತು! ಏರುತ್ತಿತ್ತು, ಇಳಿಯುತ್ತಿತ್ತು. ಕಡೂರಿನ ತುದಿಯಲ್ಲಿ ಬಾಷಾ ಭಾಯ್ ಇದ್ದರು, ಫೈಬರ್ ಜೋಡಿಸುವುದರಲ್ಲಿ ನಮ್ಮೆಲ್ಲರಿಗಿಂತ ಹಳಬರು. ಫೋನ್ ಮಾಡಿದೆ.

"ಹದಿನೇಳಕ್ಕೆ ಏನು ಹಾಕಿದ್ದೀರಿ ಭಾಯ್?"

"ಏನೂ ಇಲ್ಲ ಕಣ್ರೀ ಮೇಡಂ. ಮುಚ್ಚಳ ಹಾಕಿದ್ದು ಹಂಗೇ ಐತೆ."

ಬೇರೆ ಮೀಟರ್ ಹಚ್ಚಿದೆ. ಅದೇ. ಚೌಳಹಿರಿಯೂರಿನ ಹತ್ತಿರ ನೆಲದಡಿಯ ಜಾಯಿಂಟ್ ತೆರೆದು, ಆ ಎಳೆಯನ್ನು ಕತ್ತರಿಸಿಬಿಡಿ ಎಂದೆ; ಕಡೂರಿನಿಂದ ಬರುತ್ತಿದ್ದರೆ ಆಗ ನಿಲ್ಲಲೇಬೇಕು. ಅವರು ತಲುಪುವವರೆಗೂ ಕೋಣೆಯೊಳಗೆ ಓಡಾಡುತ್ತಿದ್ದೆ.

"ಕತ್ತರಿಸಿದ್ರಾ?"

"ಹ್ಞೂಂ, ತುದಿ ಕೈಯಾಗೇ ಐತೆ."

ಬೆಳಕು ಬರುತ್ತಲೇ ಇತ್ತು. ಅಷ್ಟರಲ್ಲಿ ಅವರ ದನಿ ಬದಲಾಯಿತು. "ಮೇಡಂ, ಸಂಜೆ ಕೆಲ್ಸ ನಿಲ್ಸಿಬಿಡಿ. ಇಲ್ಲಿ ಇಲಿ ಕೇಬಲ್ ಸಿಪ್ಪೆ ಕಡ್ದು ಹಾಕೈತೆ. ಗಾಜಿನ ಎಳೆ ಬರೀ ಹಂಗೇ ನಿಂತವೆ. ಮುಟ್ಟಿದ್ರೆ ಮುರೀತವೆ!"

ನಿಲ್ಲಿಸಿದೆ. ಮೇಲಿನವರು ಬೈದರು, ಬೈಸಿಕೊಂಡೆ. ಹಾಳಾದ ತುಂಡು ತೆಗೆದು ಹೊಸದು ಜೋಡಿಸುತ್ತಿದ್ದಂತೆ ಹದಿನೇಳರಲ್ಲಿ ಕತ್ತಲಾಯಿತು. ಎರಡು ದಿನದ ಮೇಲೆ ಲೈನು ಬದಲಿಸಿದೆವು; ಒಂದು ಫೋನೂ ಕಡಿಯಲಿಲ್ಲ.

ಇಲಿ ಕಡಿದ ಜಾಗದಿಂದ ಬಿಸಿಲು ನುಗ್ಗಿರಬೇಕು ಎಂದರು ಜೊತೆಯವರು. ನಾನು ಮೊದಲು ಬೆಳಕು ನೋಡಿದಾಗ ಆ ಜಾಗ ಇನ್ನೂ ಮಣ್ಣಿನಡಿ ಮುಚ್ಚಿಕೊಂಡಿತ್ತು. ಪಕ್ಕದ ಎಳೆಗಳಿಂದ ಸೋರಿತೆನ್ನೋಣ ಎಂದರೆ, ಲೈನಿನಲ್ಲಿ ಇನ್ನೂ ಏನೂ ಹರಿಯುತ್ತಿರಲಿಲ್ಲ. ಬಾಷಾ ಭಾಯ್‌ರನ್ನು ಕೇಳಿದರೆ, "ಅದನ್ನ ಕೆದಕ್ಬೇಡಿ ಮೇಡಂ" ಎಂದು ಮಾತು ತಿರುಗಿಸುತ್ತಾರೆ.

ದಾಖಲೆಯಲ್ಲಿ ಹದಿನೇಳರ ಮುಂದೆ 'ದೋಷವಿದೆ' ಎಂದು ಬರೆದಿದ್ದೇನೆ. ಸುಳ್ಳು. ಯಾರಿಗೂ ಕೊಡದಿರಲಿ ಎಂದು ಬರೆದದ್ದು. ಅಜ್ಜಂಪುರಕ್ಕೆ ಹೋದಾಗಲೆಲ್ಲ ಅದಕ್ಕೊಮ್ಮೆ ಮೀಟರ್ ಹಚ್ಚುತ್ತೇನೆ. ಏನೂ ಬರುವುದಿಲ್ಲ. ಆದರೂ ಬೇಗ ತೆಗೆಯಲು ಕೈ ಬರುವುದಿಲ್ಲ.