ಭಾವನ ಅಂಗಡಿಗೆ ಬಂದ ಅಪ್‌ಡೇಟು

ಚೆನ್ನಾಗಿ ಓಡುತ್ತಿರುವುದನ್ನು ಮುಟ್ಟಲು ಹೋಗಬಾರದೆಂದು ನಮ್ಮ ಚಾಮರಾಜನಗರದ ಕಡೆ ಎಲ್ಲರಿಗೂ ಗೊತ್ತು. ಮುಟ್ಟುವುದೇ ನನ್ನ ಹವ್ಯಾಸ. ಹಗಲೆಲ್ಲ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ದುಡಿದು ಬಂದು, ಸಂಜೆ ಲಿನಕ್ಸಿನ ಒಂದು ಪ್ಯಾಕೇಜಿನ ಚಾಕರಿ ಮಾಡುತ್ತೇನೆ. ಲಿನಕ್ಸ್ ಎಂದರೆ ಬಿಟ್ಟಿಯಾಗಿ ಸಿಗುವ ಕಂಪ್ಯೂಟರ್ ವ್ಯವಸ್ಥೆ. ಅದರೊಳಗಿನ ತಂತ್ರಾಂಶದ ಒಂದೊಂದು ಗಂಟನ್ನೂ ಆಗಾಗ ಬಿಚ್ಚಿ, ಹೊಸದು ಸೇರಿಸಿ, ಮತ್ತೆ ಕಟ್ಟಲು ನನ್ನಂಥ ಬಿಟ್ಟಿ ಆಳುಗಳಿದ್ದಾರೆ. ನನ್ನ ಪಾಲಿಗೆ ಬಂದದ್ದು ಕಂಪನಿಯೇ ಕೈಬಿಟ್ಟ ಹಳೇ ಪ್ರಿಂಟರುಗಳನ್ನು ಓಡಿಸುವ ಗಂಟು.

ಬೈಗುಳ ಬಿಟ್ಟರೆ ಇದರಲ್ಲಿ ಬೇರೆ ಸಂಪಾದನೆಯಿಲ್ಲ. ಹಳೇ ಗುಡಿಗಳ ಶಾಸನ ನೋಡಿ: ಕಟ್ಟಿಸಿದವನ ಹೆಸರು, ಅವನಪ್ಪನ ಹೆಸರು, ದಾನ ಬಿಟ್ಟ ಗದ್ದೆಯ ಎಲ್ಲೆ, ಎಲ್ಲ ಇರುತ್ತದೆ. ಸೋರುವ ಮಾಡಿಗೆ ಗಾರೆ ಮೆತ್ತಿದವನ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಅವನು ಮೇಲೆ ಹತ್ತಿ ಕೂತಾಗಲೂ ಕೆಳಗಿನಿಂದ ಯಾರೋ ‘ಇನ್ನೂ ಸೋರ್ತಾ ಅದೆ ಕಣಯ್ಯ’ ಎಂದು ಕೂಗಿರಲೇಬೇಕು.

ನನಗೆ ಹಾಗೆ ಕೂಗುವವರು ನಮ್ಮ ಭಾವ, ಅಕ್ಕನ ಗಂಡ. ತೆರಕಣಾಂಬಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಅವರದು. ಅಲ್ಲಿನ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟ ಪಾಪಿ ನಾನೇ. ಮೊನ್ನೆ ನಾನೇ ಕಟ್ಟಿ ಕಳಿಸಿದ ಒಂದು ಅಪ್‌ಡೇಟು ಬಂದದ್ದೇ ತಡ, ಅವರ ಪ್ರಿಂಟರು ಪತ್ರಿಕೆಯನ್ನು ಅರ್ಧಕ್ಕೇ ನಿಲ್ಲಿಸತೊಡಗಿತು. ಗಂಡಿನ ಹೆಸರು ಬಂತು, ಹೆಣ್ಣಿನ ಹೆಸರು ಬರಲಿಲ್ಲ.

“ಎಂಥಾ ಕೆಲ್ಸ ಮಾಡ್ಬುಟ್ಟೆ ಕಣ್ಲಾ! ಹೆಣ್ಣಿನ್ ಕಡೆಯವ್ರು ಅಂಗ್ಡಿ ಮುಂದೇನೇ ಕುಂತವ್ರೆ!” ಎಂದು ಭಾವ ಫೋನಿನಲ್ಲಿ ಹರಿಹಾಯ್ದರು.

ಊಟ ಬಿಟ್ಟು ಕೂತು ದೋಷ ಹುಡುಕಿ, ತಿದ್ದಿ ಕಳಿಸಿದೆ. ಮಾರನೆಯ ದಿನವೇ ಅಂಥದೇ ಪ್ರಿಂಟರಿಟ್ಟುಕೊಂಡ ಬ್ರೆಜಿಲ್ಲಿನ ಯಾವನೋ ಪುಣ್ಯಾತ್ಮ ಧನ್ಯವಾದ ಬರೆದ. ತೆರಕಣಾಂಬಿಯಿಂದ ಮಾತ್ರ ಅದೇ ಕೂಗು. ವಿಚಾರಿಸಿದರೆ, ಭಾವ ಇಂಟರ್‌ನೆಟ್ಟಿನ ವೈರನ್ನೇ ಕಿತ್ತು, ಸುತ್ತಿ, ಅಟ್ಟದ ಮೇಲಿಟ್ಟಿದ್ದಾರೆ!

“ಅದ್ರಿಂದಾನೇ ಅಲ್ವೇನ್ಲಾ ರೋಗ ಬಂದದ್ದು?”

ಔಷಧಿಯೂ ಅದೇ ದಾರಿಯಲ್ಲಿ ಬರಬೇಕೆಂದು ಗಂಟಲು ಹರಿದುಕೊಂಡೆ. ಊಹ್ಞೂಂ. “ತಾನಾಗ್ ಬರೋದೇನೂ ಬ್ಯಾಡ. ನೀನೇ ಬಂದು ಮಾಡ್ಕೊಟ್ಟು ಓಗು.”

ಭೂಮಿಯ ಆ ತುದಿಯನ್ನು ಕ್ಷಣದಲ್ಲಿ ಮುಟ್ಟಿದ ತಿದ್ದುಪಡಿಯನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡು, ರಜೆ ಹಾಕಿ, ಬಸ್ಸಿನಲ್ಲಿ ಚೆಂಡುಹೂವಿನ ಮೂಟೆಗಳ ನಡುವೆ ನಿಂತು ಹೋದೆ. ಅಂಗಡಿಗೆ ಕಾಲಿಟ್ಟವನೇ ಅದನ್ನು ಕಂಪ್ಯೂಟರಿಗೆ ಹಾಕಿದೆ. ಹೆಣ್ಣಿನ ಹೆಸರು ಬಂತು, ಅವಳ ಸೋದರಮಾವಂದಿರೂ ಸಾಲಾಗಿ ಬಂದರು. ಹರವೆಯ ನೆಂಟರಿಗೆ ಸಂಜೆಯೊಳಗೆ ಪತ್ರಿಕೆ ಕೊಡಬೇಕೆಂದು ಚಡಪಡಿಸುತ್ತಿದ್ದ ಹುಡುಗಿಯ ಅಪ್ಪ ಬೆಂಚಿನ ಮೇಲೆ ಮೊದಲ ಸಲ ಒರಗಿ ಕೂತರು.

ಸಿಕ್ಕಿದ್ದೇ ಸಮಯವೆಂದು ಭಾವನಿಗೆ ಭಾಷಣ ಬಿಗಿದೆ. ಅಪ್‌ಡೇಟಿಗೆ ಹೆದರಬಾರದು, ಬಂದದ್ದನ್ನು ಬಂದ ಹಾಗೆ ಹಾಕಿಕೊಳ್ಳಬೇಕು, ತಡೆದರೆ ಮುಂದೆ ಇನ್ನೂ ಕಷ್ಟ ಎಂದೆಲ್ಲ ಹೇಳಿ, ವೈರನ್ನು ಅಟ್ಟದಿಂದಿಳಿಸಿ ನಾನೇ ಸಿಕ್ಕಿಸಿದೆ. ಅವರು ಎಂದೂ ಇಲ್ಲದ ವಿನಯದಿಂದ ತಲೆಯಾಡಿಸಿದರು.

ವಾಪಸು ಹೊರಟ ಬಸ್ಸು ಊರು ದಾಟುವ ಮೊದಲೇ ಅವರ ಫೋನು.

“ಲೇ, ಇನ್ನೇನೋ ಹೊಸ ಅಪ್‌ಡೇಟು ಬಂದದಂತೆ, ಆಕ್ಕೊತೀರಾ ಅಂತ ಕೇಳ್ತಾ ಅದೆ. ಅರ್ಧ ಪತ್ರಿಕೆ ಇನ್ನೂ ಬಾಕಿ ಅದೆ ಕಣ್ಲಾ. ನೀನೇಳ್ದಂಗೆ ಒತ್ಬುಡನಾ?”

ಆ ಅಪ್‌ಡೇಟು ಕಟ್ಟಿದವನೂ ನನ್ನಂಥವನೇ, ಎಲ್ಲೋ ಊಟ ಬಿಟ್ಟು ಕೂತವನು. ಅವನ ಮೇಲೆ ನನಗೆ ಬಹಳ ಗೌರವವಿದೆ. ನಂಬಿಕೆಯ ಮಾತು ಬೇರೆ. ಅಕ್ಕಪಕ್ಕದವರೆಲ್ಲ ತಿರುಗಿ ನೋಡುವಂತೆ ಬಸ್ಸಿನಲ್ಲೇ ಕಿರುಚಿದೆ:

“ಬ್ಯಾಡಿ ಭಾವ! ಮೊದ್ಲು ಆ ವೈರ್ ಕಿತ್ತಾಕ್ಬುಡಿ!”